ಇರುವೆ ಬಟ್ಟಲು

ಹಿಂಗಾರು ಎರಡು ಹದ ಮಳೆ ಕೊಟ್ಟು ಸರಿದಿತ್ತು. ಹೊಲದಲ್ಲಿ ರಾಗಿ ತೆನೆ ಬಾಗಿತ್ತು. ಹಿಪ್ಪುನೇರಳೆ ಕಡ್ಡಿಗಳಲ್ಲಿ ಅಂಗೈಯಗಲದ ಸೊಪ್ಪು ತೂಗುತ್ತಿತ್ತು. ಇಬ್ಬನಿ ಆರುವ ತನಕ ಸೊಪ್ಪಿಗೆ ಕೈ ಹಾಕುವಂತಿಲ್ಲ, ಒದ್ದೆ ಸೊಪ್ಪು ತಿಂದ ರೇಷ್ಮೆ ಹುಳ ಉಳಿಯುವುದಿಲ್ಲ. ಬಿಸಿಲು ಬಲಿತ ಮೇಲೂ ಕೀಳುವಂತಿಲ್ಲ, ಸೊಪ್ಪು ಬಾಡುತ್ತದೆ. ಆ ಎರಡರ ನಡುವಿನ ಹೊತ್ತಿನಲ್ಲಿ ಮಹಾಲಕ್ಷ್ಮಮ್ಮ ಮಡಿಲು ತುಂಬ ಸೊಪ್ಪು ಬಿಡಿಸಿ ತಂದು ಮಂಕರಿಗೆ ಸುರಿಯುತ್ತಿದ್ದಳು. ಪಕ್ಕದ ಸಾಲಿನಲ್ಲಿ ಅವಳ ಗಂಡನ ಅಕ್ಕ ದೊಡ್ಡಮಾದಮ್ಮ ಇದ್ದಳು. ಇದ್ದಳು ಅನ್ನುವುದಕ್ಕಿಂತ ಆಗಾಗ ಇರುತ್ತಿದ್ದಳು ಅನ್ನಬೇಕು. ಒಂದು ಸಾಲು ಮುಗಿಯುವುದರೊಳಗೆ ಮಡಿಲು ಇಳಿಸಿ ಲಂಟಾನ ಪೊದೆಯ ಮರೆಗೆ ಹೋಗಿ ಬರುವಳು, ಬಂದವಳೇ ಬದುವಿನ ಮೇಲಿದ್ದ ಮಣ್ಣಿನ ಮಗೆ ಎತ್ತಿ ಗಟಗಟ ನೀರು ಕುಡಿಯುವಳು.

ಹಿಂದಿನ ಬೇಸಿಗೆಯವರೆಗೂ ಅವಳು ಹಾಗಿರಲಿಲ್ಲ. ಗಟ್ಟಿ ಹೆಂಗಸು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು, ಅಪ್ಪ ಅವ್ವ ಒಬ್ಬರ ಹಿಂದೊಬ್ಬರು ಹೋದಾಗ ಇನ್ನೂ ಚಡ್ಡಿ ಕಟ್ಟಲು ಬಾರದ ತಮ್ಮ ಪುಟ್ಟಬಸಪ್ಪನನ್ನು ಸೊಂಟಕ್ಕೆ ಹಾಕಿಕೊಂಡು ಸಾಕಿದವಳು. ಸಾಕಿದ್ದು ಹುಳದಿಂದ. ಸುತ್ತಿನ ಊರುಗಳಲ್ಲಿ ಅವಳ ಕೈಗುಣಕ್ಕೆ ಹೆಸರಿತ್ತು. ಮೊಟ್ಟೆ ಒಡೆದು ಕೂದಲೆಳೆಯಂಥ ಹುಳ ಹೊರಬಂದ ಬೆಳಗ್ಗೆ ಕೋಳಿಗರಿಯಿಂದ ಅವನ್ನು ಎಳೆಸೊಪ್ಪಿನ ಮೇಲೆ ಇಳಿಸುವುದಕ್ಕೆ ಬೇರೆ ಮನೆಯವರೂ ಅವಳನ್ನೇ ಕರೆಯುತ್ತಿದ್ದರು. ಮಹಾಲಕ್ಷ್ಮಮ್ಮ ಆ ಮನೆಗೆ ಸೊಸೆಯಾಗಿ ಬಂದು ಎಂಟು ಹತ್ತು ವರ್ಷವಾಗಿತ್ತು. ಸೊಪ್ಪು ಕಿತ್ತಳು, ಕತ್ತರಿಸಿದಳು, ಹಿಕ್ಕೆ ಬಾಚಿದಳು. ಗರಿ ಮಾತ್ರ ಅವಳ ಕೈಗೆ ಬಂದಿರಲಿಲ್ಲ. ಬಾ ಅಂತ ಅತ್ತಿಗೆಯೂ ಕರೆದಿರಲಿಲ್ಲ, ಕೊಡಿ ಅಂತ ಇವಳೂ ಕೇಳಿರಲಿಲ್ಲ.

ಈಗ ಅತ್ತಿಗೆಯ ಕುಪ್ಪಸದ ತೋಳು ಜೋಲುತ್ತಿತ್ತು. ಗಂಡಾಳಿಗಿಂತ ಹೆಚ್ಚು ಉಣ್ಣುತ್ತಿದ್ದಳು, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ರಾತ್ರಿ ಹೊತ್ತು ಎಷ್ಟು ಸಲ ಏಳುತ್ತಿದ್ದಳೋ! ಹುಳದ ಮನೆಯಲ್ಲೇ ಚಾಪೆ ಹಾಸಿಕೊಂಡು ಮಲಗುವುದು ಅವಳ ಪದ್ಧತಿ. ಅಲ್ಲಿಂದ ಹಿತ್ತಿಲಿಗೆ ಒಂದು ಬಾಗಿಲು. ಆ ಬಾಗಿಲ ಅಗಳಿ ತೆಗೆಯುವ ಸದ್ದು ಗೋಡೆಯಾಚೆ ಮಲಗಿದ್ದ ಮಹಾಲಕ್ಷ್ಮಮ್ಮನಿಗೆ ಕೇಳುತ್ತಿತ್ತು. ಆಮೇಲೆ ಕಾಲಿಗೆ ನೀರು ಹುಯ್ದುಕೊಳ್ಳುವ ಸದ್ದು. ಹೊರಗೆ ಹೋಗಿ ಬಂದವರು ಕಾಲು ತೊಳೆಯದೆ ಹುಳದ ಮನೆಗೆ ಬರಕೂಡದು, ಮೈಲಿಗೆಯಾದರೆ ಹುಳ ಗೂಡು ಕಟ್ಟುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಟ್ಟವಳೇ ಅವಳು. ಅದಾದ ಮೇಲೆ ಅಡಿಗೆಮನೆಯಲ್ಲಿ ತಂಬಿಗೆಯ ಸದ್ದು. ಮತ್ತೆ ಕಣ್ಣು ಹತ್ತುವುದರೊಳಗೆ ಮತ್ತೆ ಅಗಳಿ.

ಅಡಿಗೆಮನೆಗೆ ಯಾಕೆ ಹೋಗುತ್ತಾಳೆ ಎಂಬ ಅನುಮಾನ ಮಹಾಲಕ್ಷ್ಮಮ್ಮನಿಗೆ ಹುಟ್ಟಿದ್ದು ಇರುವೆಯಿಂದ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೆಳಗ್ಗೆ ಎದ್ದು ನೋಡಿದರೆ ಇರುವೆ ಮುತ್ತಿಕೊಂಡಿರುತ್ತಿದ್ದವು. ಒಂದೆರಡು ಸಾಲಲ್ಲ, ನೆಲವೇ ಕಪ್ಪಾಗುವಷ್ಟು. ದೀಪಾವಳಿಗೆ ಯಳಂದೂರಿನ ತವರಿನಿಂದ ಅವ್ವ ಒಂದು ಗಡಿಗೆ ಬೆಲ್ಲ ಕಳಿಸಿದ್ದಳು. ಅಡಿಗೆಮನೆಯ ನೆಲುವಿನಲ್ಲಿ ಅದು ತೂಗುತ್ತಿತ್ತು. ರಾತ್ರಿ ಎದ್ದು ಬೆಲ್ಲ ಮುರಿದುಕೊಂಡು ಹಿತ್ತಿಲಲ್ಲಿ ಕೂತು ತಿನ್ನುತ್ತಾಳೆ, ಚೂರು ಉದುರಿಸುತ್ತಾಳೆ, ಇರುವೆ ಬರುತ್ತವೆ ಎಂದು ಮಹಾಲಕ್ಷ್ಮಮ್ಮ ಲೆಕ್ಕ ಹಾಕಿದಳು. ಗಡಿಗೆ ಇಳಿಸಿ ನೋಡುವ ಗೋಜಿಗೆ ಹೋಗಲಿಲ್ಲ. ಗೊತ್ತೇ ಇರುವುದನ್ನು ಯಾರು ತೆಗೆದು ನೋಡುತ್ತಾರೆ?

ಅವತ್ತು ತೋಟದ ಬದುವಿನಾಚೆ ನೆರೆಯ ಶಿವನಂಜಮ್ಮ ತನ್ನ ಆಳುಗಳ ಜೊತೆ ಸೊಪ್ಪು ಬಿಡಿಸುತ್ತಿದ್ದಳು. ಮಾತಿಗೆ ಮಾತು ಬಂದು, ನಿಮ್ಮ ಹಿತ್ತಿಲಲ್ಲೂ ಈ ಸಲ ಇರುವೆ ಕಾಟವೇ ಎಂದು ಕೇಳಿದಳು. ಮಹಾಲಕ್ಷ್ಮಮ್ಮ ಕೈಯ ಕೆಲಸ ನಿಲ್ಲಿಸದೆ, ಪಕ್ಕದ ಸಾಲಿಗೂ ಕೇಳುವ ಹಾಗೆ ಅಂದಳು:

"ಇರ್ವೆಗೇನಕ್ಕ ಕಣ್ಣಿಲ್ವಾ? ರಾತ್ರಿ ಯಾರ ಬಾಯಲ್ಲಿ ಬೆಲ್ಲ ಅದೆ ಅಂತ ಅವುಕ್ಕೂ ಗೊತ್ತಾಯ್ತದೆ."

ಆಳು ಹೆಂಗಸರು ಕಿಸಕ್ಕನೆ ನಕ್ಕರು. ದೊಡ್ಡಮಾದಮ್ಮನೂ ನಕ್ಕಳು, ತನಗೆ ಸಂಬಂಧವಿಲ್ಲದ ಮಾತಿಗೆ ನಗುವವಳ ಹಾಗೆ. ನಕ್ಕು ಮುಗಿಯುವ ಮೊದಲೇ ಮಾತು ತಾಗಿತು. ಮಡಿಲ ಸೊಪ್ಪು ಒಂದು ಗಳಿಗೆ ನೋಡಿದಳು, ಮಂಕರಿಗೆ ಸುರಿದಳು. ಅವತ್ತು ಮತ್ತೆ ಮಗೆಯ ಹತ್ತಿರ ಬರಲಿಲ್ಲ.

ಸಂಜೆ ಮಹಾಲಕ್ಷ್ಮಮ್ಮ ಅಡಿಗೆಮನೆಗೆ ಬೀಗ ಹಾಕಿದಳು. ಕೊಳ್ಳೇಗಾಲದ ಸಂತೆಯಲ್ಲಿ ಪೆಟ್ಟಿಗೆಗೆಂದು ತಂದ ಹಿತ್ತಾಳೆ ಬೀಗ ಅದು. ಬೆಕ್ಕು ನುಗ್ಗುತ್ತದೆ ಎಂದು ಗಂಡನಿಗೆ ಹೇಳಿದಳು. ಬೆಲ್ಲವೂ ಉಳಿಯುತ್ತದೆ; ಕುಡಿಯುವ ನೀರಿನ ಗಡಿಗೆಯೂ ಒಳಗೇ ಇರುವುದರಿಂದ ಸಿಕ್ಕಾಪಟ್ಟೆ ಕುಡಿದು ರಾತ್ರಿಯಿಡೀ ಅಗಳಿ ಬಡಿಯುವುದೂ ನಿಲ್ಲುತ್ತದೆ, ಕುಡಿದರೆ ತಾನೇ ಏಳುವುದು ಎಂಬುದು ಅವಳ ಮನಸ್ಸಿನಲ್ಲಿತ್ತು. ಅತ್ತಿಗೆ ಬಂದು ಬೀಗವನ್ನು ಕಂಡಳು. ಮಲಗುವ ಮುಂಚೆ ಒಂದು ತಂಬಿಗೆ ನೀರು ಕೇಳಿ ಕುಡಿದಳು. ಇನ್ನೊಂದು ಕೇಳಲು ಬಾಯಿ ತೆರೆದವಳು ಹಾಗೇ ಹೊರಟುಹೋದಳು. ಮಹಾಲಕ್ಷ್ಮಮ್ಮ ಅದನ್ನು ನೋಡಿದ್ದಳು.

ಮೂರು ನಾಲ್ಕು ದಿನ ಹಾಗೇ ಕಳೆಯಿತು. ಅಗಳಿಯ ಸದ್ದು ಕಡಿಮೆಯಾಗಲಿಲ್ಲ. ಹಿತ್ತಿಲ ಬಾಗಿಲಲ್ಲಿ ಕಾಲು ತೊಳೆಯಲೆಂದು ಇಟ್ಟಿದ್ದ ಗಡಿಗೆ ಬೆಳಗಾಗುವ ಹೊತ್ತಿಗೆ ಬರಿದಾಗಿರುತ್ತಿತ್ತು. ಅಷ್ಟು ನೀರು ಕಾಲಿಗೇ ಬೇಕೇ ಎಂದು ಮಹಾಲಕ್ಷ್ಮಮ್ಮ ಗೊಣಗಿದಳು.

ಹುಳ ಮೂರನೇ ಜ್ವರಕ್ಕೆ ಕೂತವು. ಪೊರೆ ಬಿಡುವ ಮೊದಲು ಹುಳ ತಲೆ ಎತ್ತಿಕೊಂಡು, ತಿನ್ನದೆ, ಅಲುಗದೆ ಕೂರುವುದಕ್ಕೆ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ಸೊಪ್ಪು ಹಾಕುವ ಕೆಲಸವಿಲ್ಲ, ಮನೆಯವರಿಗೆ ಒಂದು ರಾತ್ರಿ ಪೂರ್ತಿ ನಿದ್ದೆ. ತಟ್ಟೆಗಳನ್ನು ಜೋಡಿಸಿದ ಮರದ ಅಟ್ಟಣೆಗಳ ಒಂದೊಂದು ಕಾಲೂ ಒಂದೊಂದು ಕಲ್ಲಿನ ಬಟ್ಟಲಲ್ಲಿ ನಿಂತಿತ್ತು. ಬಟ್ಟಲ ತುಂಬ ನೀರು. ಇರುವೆ ಆ ನೀರು ದಾಟಿ ಮೇಲೆ ಹತ್ತಲಾರವು. ದಿನಾ ಸಂಜೆ ಒಂದು ಕರಟದಲ್ಲಿ ನೀರು ಹುಯ್ದು ಬಟ್ಟಲು ತುಂಬುವುದು ದೊಡ್ಡಮಾದಮ್ಮನ ಕೆಲಸ. ಅವತ್ತೂ ತುಂಬಿದ್ದಳು. ಮಹಾಲಕ್ಷ್ಮಮ್ಮನೇ ಕಣ್ಣಾರೆ ಕಂಡಿದ್ದಳು.

ಬೆಳಗ್ಗೆ ಹುಳದ ಮನೆಗೆ ಮೊದಲು ಹೋದವಳು ಅವಳೇ. ಅತ್ತಿಗೆ ಚಾಪೆಯ ಮೇಲೆ ಗಾಢ ನಿದ್ದೆಯಲ್ಲಿದ್ದಳು. ಎರಡು ಅಟ್ಟಣೆಗಳ ಕಾಲಿನ ಮೇಲೆ ಕಪ್ಪು ದಾರ ಎಳೆದಂತೆ ಇರುವೆ ಹತ್ತುತ್ತಿದ್ದವು, ಇಳಿಯುತ್ತಿದ್ದವು. ತಟ್ಟೆಗಳಲ್ಲಿ ಹುಳ ಕೂತಲ್ಲೇ ಕೂತಿದ್ದವು. ಓಡಲು ಅವಕ್ಕೆ ಜ್ವರ ಬಿಟ್ಟಿರಲಿಲ್ಲ. ಇರುವೆ ಅವನ್ನು ಜೀವಂತ ಹರಿದು ಎಳೆದೊಯ್ಯುತ್ತಿದ್ದವು. ಮಹಾಲಕ್ಷ್ಮಮ್ಮ ಬಗ್ಗಿ ನೋಡಿದಳು. ಆ ಎರಡು ಅಟ್ಟಣೆಗಳ ಬಟ್ಟಲುಗಳಲ್ಲಿ ನೀರಿರಲಿಲ್ಲ. ಒಂದರ ತಳದಲ್ಲಿ ಮಾತ್ರ ಕೆಸರಿನಂಥ ಒದ್ದೆ. ಅದರ ಪಕ್ಕದಲ್ಲಿ ಕರಟ ಬಿದ್ದಿತ್ತು. ಕರಟದ ಅಂಚಿಗೆ ಒಂದು ಚೂರು ಸೊಪ್ಪು ಅಂಟಿತ್ತು, ತುಟಿ ತಾಗುವ ಕಡೆ.

ಅವಳಿಗೆ ಎಲ್ಲ ಒಟ್ಟಿಗೇ ತಿಳಿಯಿತು. ಕಾಲು ತೊಳೆಯುವ ಗಡಿಗೆ ಹೊರಗೆ ಬರಿದಾಗಿ ಒರಗಿತ್ತು. ಇದ್ದ ನೀರನ್ನು ಹುಳದ ಮಡಿಗೆಂದು ಕಾಲಿಗೆ ಹುಯ್ದುಕೊಂಡಿದ್ದಾಳೆ. ಆಮೇಲೆ ಬಾಯಿ ಒಣಗಿ ತಡೆಯಲಾರದೆ ಬಟ್ಟಲಿಗೆ ಕೈ ಹಾಕಿದ್ದಾಳೆ. ಬೆಳಕು ಹರಿಯುತ್ತಲೇ ಬಾವಿಯಿಂದ ತಂದು ತುಂಬಿದರಾಯಿತು ಅಂದುಕೊಂಡಿರಬೇಕು. ಎಷ್ಟೋ ದಿನದ ಮೇಲೆ ಬಾಯಾರಿಕೆ ತಣಿದದ್ದಕ್ಕೆ ನಿದ್ದೆ ಹತ್ತಿದೆ.

ಮಹಾಲಕ್ಷ್ಮಮ್ಮ ಗಂಡನನ್ನು ಕೂಗುವ ಮೊದಲು ಕರಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತಿಪ್ಪೆಗೆ ಎಸೆದಳು. ಅಡಿಗೆಮನೆಯ ಬೀಗ ತೆಗೆದು ರಾಗಿ ಮಡಕೆಯೊಳಗೆ ಹಾಕಿದಳು. ಆಮೇಲೆ ಕೂಗಿದಳು.

ಪುಟ್ಟಬಸಪ್ಪ ಬಂದು, ನೋಡಿ, ತಲೆಯ ಮೇಲೆ ಕೈ ಇಟ್ಟುಕೊಂಡ. ಬೂದಿ ಹಾಕಿದರು, ತಟ್ಟೆ ಕೊಡವಿದರು, ಉಳಿದದ್ದನ್ನು ಬೇರೆ ಮಾಡಿದರು. ಅರ್ಧ ಬೆಳೆ ಹೋಗಿತ್ತು. ಅಕ್ಕನಿಗೆ ಎದುರು ಮಾತಾಡಿ ಗೊತ್ತಿಲ್ಲದ ಅವನು ಅವತ್ತು ಆಡಿದ. ಪಕ್ಕದಲ್ಲೇ ಮಲಗಿದ್ದೂ ಬಟ್ಟಲು ನೋಡಲಿಲ್ಲವೇ ಎಂದ. ದೊಡ್ಡಮಾದಮ್ಮ ಗೋಡೆಗೆ ಒರಗಿ ಕೂತಿದ್ದಳು.

"ನಂದೇ ತಪ್ಪು ಕಣ್ಲಾ," ಅಂದಳು. "ನಿದ್ದೆ ಬಂದ್ಬುಡ್ತು."

ಅವಳು ಮಹಾಲಕ್ಷ್ಮಮ್ಮನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎಂದು ಮಹಾಲಕ್ಷ್ಮಮ್ಮನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಆ ವಾರವೇ ತೋಟದಲ್ಲಿ ದೊಡ್ಡಮಾದಮ್ಮ ಸೊಪ್ಪಿನ ಮಂಕರಿಯ ಸಮೇತ ಕುಸಿದಳು. ಉಳಿದ ಹುಳ ಬಿಟ್ಟು ಪುಟ್ಟಬಸಪ್ಪ ಬರುವಂತಿರಲಿಲ್ಲ. ಮಹಾಲಕ್ಷ್ಮಮ್ಮನೇ ಅತ್ತಿಗೆಯನ್ನು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಎದ್ದೇಳಬೇಕಾದೀತು ಎಂದು ದೊಡ್ಡಮಾದಮ್ಮ ಬೆಳಗ್ಗೆಯಿಂದ ಹನಿ ನೀರು ಮುಟ್ಟಿರಲಿಲ್ಲ. ಆಸ್ಪತ್ರೆ ತಲುಪುವ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿತ್ತು.

ಆಸ್ಪತ್ರೆಯಲ್ಲಿ ಶೀಶೆಯಲ್ಲಿ ಮೂತ್ರ ತರಿಸಿಕೊಂಡರು. ಕಾಂಪೌಂಡರು ಗಾಜಿನ ಕೊಳವೆಯಲ್ಲಿ ನೀಲಿ ಔಷಧಿಗೆ ನಾಲ್ಕು ಹನಿ ಹಾಕಿ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆಯ ಕೆಂಪಾಯಿತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ರಾತ್ರಿ ಎಷ್ಟು ಸಲ ಏಳುತ್ತೀರಿ, ಬಾಯಾರಿಕೆ ಎಷ್ಟು, ಹಸಿವು ಎಷ್ಟು ಎಂದು ಕೇಳುತ್ತ ಹೋದರು. ಆಮೇಲೆ ಮಹಾಲಕ್ಷ್ಮಮ್ಮನ ಕಡೆ ತಿರುಗಿದರು.

"ಇವರು ಒಂದಕ್ಕೆ ಹೋದ ಜಾಗದಲ್ಲಿ ಇರುವೆ ಮುತ್ತುತ್ತಾ ತಾಯಿ?"

ಮಹಾಲಕ್ಷ್ಮಮ್ಮ ಹೌದೆಂದು ತಲೆ ಆಡಿಸಿದಳು.

ಸಕ್ಕರೆ ಕಾಯಿಲೆ ಎಂದರು ಡಾಕ್ಟರು. ಉಂಡದ್ದರ ಸಿಹಿಯೆಲ್ಲ ಮೈಗೆ ಹತ್ತದೆ ಮೂತ್ರದಲ್ಲಿ ಹರಿದು ಹೋಗುತ್ತಿದೆ, ಅದಕ್ಕೇ ಇರುವೆ, ಅದಕ್ಕೇ ಸೊರಗುವುದು ಎಂದರು. ಪೂರ್ತಿ ವಾಸಿಯಾಗುವುದಲ್ಲ, ಮಾತ್ರೆ ನುಂಗಿ ಪಥ್ಯದಲ್ಲಿದ್ದರೆ ಹಿಡಿತದಲ್ಲಿರುತ್ತದೆ. ಬೆಲ್ಲ, ಅನ್ನ ಬಿಡಬೇಕು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಅಂದರು:

"ಒಂದು ಮಾತು ನೆನಪಿಟ್ಟುಕೊಳ್ಳಿ. ಏಳೋದು ತಪ್ಪಲಿ ಅಂತ ನೀರು ನಿಲ್ಲಿಸಬೇಡಿ. ಕೆಲವು ಮನೆಗಳಲ್ಲಿ ಹಾಗೆ ಮಾಡ್ತಾರೆ. ನೀರು ಕುಡಿದು ಏಳ್ತಿರೋದಲ್ಲ ಇವರು. ಎದ್ದು ಎದ್ದು ಮೈಯ ನೀರೆಲ್ಲ ಹೋಗಿ, ಕುಡೀತಿರೋದು. ನೀರು ಕೊಡದಿದ್ರೆ ಪ್ರಾಣಕ್ಕೇ ಬರುತ್ತೆ."

ದೊಡ್ಡಮಾದಮ್ಮ ಬೆಂಚಿನ ಮೇಲಿಂದ ಮೆಲ್ಲಗೆ ಅಂದಳು: "ನೀರಿಗೇನು ಬರ ಇಲ್ಲ ಸಾ ನಮ್ಮನೇಲಿ. ನಮ್ಮುಡ್ಗಿ ತುಂಬಿ ಮಡಗ್ತಾಳೆ."

ಮಹಾಲಕ್ಷ್ಮಮ್ಮ ನೆಲ ನೋಡುತ್ತ ನಿಂತಳು. ಅತ್ತಿಗೆ ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹಿಂದಿರುಗುವಾಗ ಆಸ್ಪತ್ರೆಯ ನಲ್ಲಿಯಲ್ಲಿ ದೊಡ್ಡಮಾದಮ್ಮ ಹೊಟ್ಟೆ ತುಂಬ ನೀರು ಕುಡಿದಿದ್ದಳು. ಅರ್ಧ ದಾರಿಯಲ್ಲಿ ಅವಳು ಸೀಟಿನ ಕಂಬಿ ಹಿಡಿದು ತುಟಿ ಕಚ್ಚಿಕೊಂಡದ್ದನ್ನು ಮಹಾಲಕ್ಷ್ಮಮ್ಮ ನೋಡಿದಳು. ಎದ್ದು ಹೋಗಿ ಕಂಡಕ್ಟರನಿಗೆ ಹೇಳಿ ಬಸ್ಸು ನಿಲ್ಲಿಸಿದಳು. ಸ್ವಲ್ಪ ದೂರ ಹೋಗುವುದರೊಳಗೆ ಇನ್ನೊಮ್ಮೆ ನಿಲ್ಲಿಸಬೇಕಾಯಿತು. ಜನ ಗೊಣಗಿದರು.

"ಏನಜ್ಜಿ, ಕಾವೇರಿ ಹೊಳೇನೇ ಕುಡ್ಕಂಡ್ ಬಂದಿದ್ದೀಯಾ?" ಎಂದ ಕಂಡಕ್ಟರ.

"ಊ ಕಣಪ್ಪ, ನಿಮ್ಮೂರ್ಗೆ ವಸಿ ಉಳ್ಸಿವ್ನಿ," ಎಂದಳು ದೊಡ್ಡಮಾದಮ್ಮ. ಬಸ್ಸೆಲ್ಲ ನಕ್ಕಿತು. ಮಹಾಲಕ್ಷ್ಮಮ್ಮ ನಗಲಿಲ್ಲ. ರಸ್ತೆ ಬದಿಯಲ್ಲಿ ಮರೆಯಿರಲಿಲ್ಲ. ಅವಳು ಬಸ್ಸಿಗೆ ಬೆನ್ನು ಕೊಟ್ಟು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಳು, ಅತ್ತಿಗೆ ಎದ್ದು ಸೀರೆ ಸರಿಮಾಡಿಕೊಳ್ಳುವ ತನಕ.

ಮನೆಗೆ ಬಂದು ನೆಲುವಿನಿಂದ ಬೆಲ್ಲದ ಗಡಿಗೆ ಇಳಿಸಿದಳು. ಬಾಯಿಗೆ ಕಟ್ಟಿದ್ದ ಬಟ್ಟೆಯ ಗಂಟು ತವರಿನಲ್ಲಿ ಅವ್ವ ಹಾಕಿದ್ದು. ಅವ್ವ ಎಡಗೈಯವಳು, ಅವಳ ಗಂಟು ಬೇರೆ ಯಾರಿಗೂ ಬಾರದು. ಆ ಗಂಟು ಹಾಕಿದ ಹಾಗೇ ಇತ್ತು.

ಮಾತ್ರೆ ನುಂಗಿ ದೊಡ್ಡಮಾದಮ್ಮನ ಮುಖಕ್ಕೆ ತುಸು ಕಳೆ ಬಂತು. ರಾತ್ರಿ ಏಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ತಮ್ಮನಿಗೆ ಕಾಯಿಲೆಯ ಹೆಸರು ಹೇಳಿದರೂ ಅವನಿಗೆ ಅದು ಬೆಳೆಗೆ ಸಂಬಂಧಿಸಿದ್ದಾಗಿ ಕಾಣಲಿಲ್ಲ. ಊರಲ್ಲಿ ಆಗಲೇ ಮಾತು ಹರಡಿತ್ತು. ದೊಡ್ಡಮಾದಮ್ಮನ ಕೈಗುಣ ಹೋಯಿತು, ರಾತ್ರಿಯಿಡೀ ಒಂದಕ್ಕೆ ಹೋಗಿ ಬಂದು ಹುಳ ಮುಟ್ಟಿದರೆ ಉಳಿಯುವುದುಂಟೇ ಎನ್ನುತ್ತಿದ್ದರು. ಮಾರ್ಗಶಿರದಲ್ಲಿ ಶಿವನಂಜಮ್ಮನ ಮನೆಯಲ್ಲಿ ಮೊಟ್ಟೆ ಒಡೆಯಿತು. ದೊಡ್ಡಮಾದಮ್ಮ ತಲೆ ಬಾಚಿ, ಒಗೆದ ಸೀರೆ ಉಟ್ಟು, ಗರಿ ತೊಳೆದಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದಳು. ಯಾರೂ ಕರೆಯಲು ಬರಲಿಲ್ಲ. ಬಿಸಿಲು ಜಗುಲಿ ಬಿಟ್ಟು ಇಳಿದ ಮೇಲೆ ಗರಿಯನ್ನು ಸೂರಿಗೆ ಸಿಕ್ಕಿಸಿ ಒಳಗೆ ಹೋದಳು.

ಅದನ್ನು ಕಂಡ ಮೇಲೆ ಮಹಾಲಕ್ಷ್ಮಮ್ಮನಿಗೆ ಅನ್ನ ಸೇರಲಿಲ್ಲ. ಬಾಯಿ ಬಿಟ್ಟರೆ ಗಂಡ ಏನನ್ನುತ್ತಾನೋ, ಊರು ಏನನ್ನುತ್ತದೋ. ನೀರಿಗೆ ಬೀಗ ಹಾಕಿದವಳು ಎಂಬ ಹೆಸರು ಸತ್ತ ಮೇಲೂ ಹೋಗುವುದಿಲ್ಲ. ಬಾಯಿ ಬಿಡದಿದ್ದರೆ ಆ ಗರಿ ಸೂರಿನಲ್ಲೇ ಇರುತ್ತದೆ.

ಪುಷ್ಯದಲ್ಲಿ ಪುಟ್ಟಬಸಪ್ಪ ಕೊಳ್ಳೇಗಾಲದಿಂದ ಮೊಟ್ಟೆ ತಂದ. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಮೊಟ್ಟೆ ಹಾಳೆಗಳನ್ನು ಹೊಸ್ತಿಲಲ್ಲೇ ಹೆಂಡತಿಯ ಕೈಗೆ ನೀಡಿದ. ಅಕ್ಕ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಈ ಸಲ ನೀನೇ ಇಳ್ಸು," ಎಂದ. ಅಕ್ಕನ ಕಡೆ ನೋಡದೆ ಅಂದ.

ಎಂಟು ಹತ್ತು ವರ್ಷ ಮಹಾಲಕ್ಷ್ಮಮ್ಮ ಕಾದಿದ್ದ ಮಾತು ಅದು. ಗಂಟು ಅವಳ ಅಂಗೈಯಲ್ಲಿ ತಣ್ಣಗಿತ್ತು.

"ನಂಗೆ ಬ್ಯಾಡ," ಅಂದಳು. "ಇರ್ವೆ ಅತ್ಗೆಯಿಂದ ಬರ್ನಿಲ್ಲ, ನನ್ನಿಂದ ಬಂದೊ. ಅಡ್ಗೆಮನೆಗೆ ಬೀಗ ಜಡ್ದಿದ್ದೆ ನಾನು. ಬೆಲ್ಲ ಕದಿತಾವ್ರೆ ಅಂದ್ಕಂಡು. ಕುಡಿಯಾಕೆ ನೀರಿಲ್ದೆ ಬಟ್ಟಲ ನೀರ ಕುಡುದ್ರು. ನಾನು ಕರಟ ಕಂಡೆ."

ಪುಟ್ಟಬಸಪ್ಪ ಹೆಂಡತಿಯನ್ನು ನೋಡಿದ, ಅಕ್ಕನನ್ನು ನೋಡಿದ. ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತ್ತು.

"ಏನಕ್ಕ ಇದು?"

ದೊಡ್ಡಮಾದಮ್ಮನ ಮುಖ ಕಪ್ಪಿಟ್ಟಿತು. ಮಹಾಲಕ್ಷ್ಮಮ್ಮ ಅವಳನ್ನು ಅಷ್ಟು ಸಿಟ್ಟಿನಲ್ಲಿ ನೋಡಿಯೇ ಇರಲಿಲ್ಲ.

"ಬಟ್ಟಲು ಸೋರ್ತಿತ್ತು ಕಣ್ಲಾ," ಅಂದಳು. "ಇರ್ವೆ ಬಟ್ಟಲ ನೀರ ನೆಕ್ಕಾಕೆ ನಾನೇನ್ ನಾಯಾ? ಈ ಉಡ್ಗಿ ಏನೋ ಕನಸು ಕಂಡದೆ. ಬುಡು."

ಹೀಗಾಗುತ್ತದೆಂದು ಮಹಾಲಕ್ಷ್ಮಮ್ಮ ಎಣಿಸಿರಲಿಲ್ಲ. ತಾನು ತನ್ನ ತಪ್ಪನ್ನು ಹೊರಗಿಟ್ಟೆ ಅಂದುಕೊಂಡಿದ್ದಳು. ಅದರ ಜೊತೆಗೆ ಅತ್ತಿಗೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡದ್ದನ್ನೂ ಗಂಡನ ಕಾಲ ಬಳಿ ಸುರಿದಿದ್ದಳು. ತಾನು ಸಾಕಿದ ಹುಳದ ಕಾವಲ ನೀರನ್ನು ಕುಡಿದವಳು ಎಂದು ತಮ್ಮನ ಮುಂದೆ ಅನ್ನಿಸಿಕೊಳ್ಳುವುದಕ್ಕಿಂತ, ನಿದ್ದೆ ಮಾಡಿದವಳು ಎನ್ನಿಸಿಕೊಳ್ಳುವುದೇ ಅವಳಿಗೆ ಲೇಸಾಗಿತ್ತು. ಇವಳ ಮಾತು ನಿಜ ಎಂದು ಹೇಳಬಲ್ಲವಳು ಅವಳೊಬ್ಬಳೇ. ಅವಳು ಇಲ್ಲ ಅಂದಳು.

ಮಹಾಲಕ್ಷ್ಮಮ್ಮ ಮೂಲೆಗೆ ಹೋಗಿ ಮೊಟ್ಟೆಯ ಗಂಟನ್ನು ಅತ್ತಿಗೆಯ ಮಡಿಲಲ್ಲಿ, ಅವರೆಕಾಯಿಯ ಮೇಲೆ ಇಟ್ಟಳು.

"ನನ್ ಕೈಗೆ ಬರಾಕಿಲ್ಲ ಅತ್ಗೆ. ನೀವೇ ಇಳ್ಸಿ. ನಾನು ಪಕ್ಕದಲ್ಲಿ ಕೂತ್ಕತೀನಿ."

ಪುಟ್ಟಬಸಪ್ಪ ಇಬ್ಬರನ್ನೂ ನೋಡಿದ. ಅವನಿಗೆ ಎಷ್ಟು ತಿಳಿಯಿತೋ, ಎಷ್ಟು ತಿಳಿಯುವುದು ಬೇಡವಾಯಿತೋ. ಯಾರಾದರೂ ಇಳಿಸಿ, ಹುಳ ಉಳಿದರೆ ಸಾಕು ಎಂದು ಹೇಳಿ ಎತ್ತಿಗೆ ಹುಲ್ಲು ಹಾಕಲು ಹೋದ. ದೊಡ್ಡಮಾದಮ್ಮ ಗಂಟನ್ನು ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಬಟ್ಟೆಯ ತೇವ ಆರಿದೆಯೇ ಎಂದು ಬೆರಳಿನಿಂದ ನೋಡಿದಳು. ಎದ್ದು ಸೂರಿನಿಂದ ಗರಿ ತೆಗೆದಳು.

ಹುಳ ಇಳಿದ ದಿನ ಸಂಜೆ ಮಹಾಲಕ್ಷ್ಮಮ್ಮ ಹುಳದ ಮನೆಯಲ್ಲಿ ಅತ್ತಿಗೆಯ ಚಾಪೆಯ ತಲೆದೆಸೆಗೆ ಒಂದು ಗಡಿಗೆ ನೀರು, ಮೇಲೊಂದು ತಂಬಿಗೆ ತಂದಿಟ್ಟಳು. ಹಿತ್ತಿಲ ಬಾಗಿಲಲ್ಲಿ ಕಾಲಿಗೆಂದು ಬೇರೆ ಗಡಿಗೆ ತುಂಬಿದ್ದಳು. ದೊಡ್ಡಮಾದಮ್ಮ ಬಂದು ಚಾಪೆ ಬಿಡಿಸಿದಳು. ಗಡಿಗೆಯನ್ನು ನೋಡಿದಳು. ಅದನ್ನು ಎತ್ತಿಕೊಂಡು ಹೋಗಿ, ತಂಬಿಗೆಯಲ್ಲಿ ಮೊಗೆದು, ಅವತ್ತು ಇರುವೆ ಹತ್ತಿದ್ದ ಆ ಎರಡು ಅಟ್ಟಣೆಗಳ ಬಟ್ಟಲುಗಳಿಗೆ ಒಂದೊಂದಾಗಿ ಹುಯ್ದಳು. ಆಗಲೇ ಅರ್ಧ ತುಂಬಿದ್ದ ಬಟ್ಟಲುಗಳು ಅಂಚಿನವರೆಗೆ ಬಂದು ತುಳುಕಿದವು. ಅವಳು ನಿಲ್ಲಿಸಲಿಲ್ಲ. ಗಡಿಗೆಯ ತಳದ ನೀರನ್ನೂ ಬಗ್ಗಿಸಿ ಕೊನೆಯ ಬಟ್ಟಲಿಗೆ ಹುಯ್ದಳು.

"ಇವುಕ್ಕೆ ಬಾಕಿ ಇತ್ತು ಕಣವ್ವ," ಅಂದಳು, ಬೆನ್ನು ತಿರುಗಿಸಿಕೊಂಡೇ. "ತೀರ್ತು."

ಮಹಾಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದಳು. ಅತ್ತಿಗೆ ಸೊಂಟ ನೆಟ್ಟಗೆ ಮಾಡಿಕೊಂಡು ಅಟ್ಟಣೆಯ ಕೆಳಗೆಲ್ಲ ಹುಡುಕುವವಳ ಹಾಗೆ ನೋಡಿದಳು.

"ನೀರುಯ್ಯಾಕೆ ಇಲ್ಲೊಂದು ಕರಟ ಮಡಗಿದ್ದೆ. ಕಾಣೆ."

"ಬ್ಯಾರೆ ಮಾಡ್ಕೊಡ್ತೀನಿ ಅತ್ಗೆ," ಅಂದಳು ಮಹಾಲಕ್ಷ್ಮಮ್ಮ. ಬರಿದಾದ ಗಡಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಕತ್ತಲಾಗುವ ಮುಂಚೆ ತುಂಬಿಕೊಂಡು ಬರಲು ಬಾವಿಯ ಕಡೆ ಹೊರಟಳು.